ಕಚೇರಿಗೆ ಮೂರು, ತರಗತಿಗೆ ಐದು: ಪೀಟರ್ಸ್‌ಬರ್ಗ್‌ನಲ್ಲಿ ರಷ್ಯನ್ ಸಂಸ್ಕೃತಿ ಓದಿದ ಲೆಕ್ಕ

ರಷ್ಯದ ವಿಶ್ವವಿದ್ಯಾಲಯಗಳಲ್ಲಿ ಅಂಕ ಕೊಡುವುದು ಐದರ ಲೆಕ್ಕದಲ್ಲಿ. ಐದು ಎಂದರೆ ಅತ್ಯುತ್ತಮ, ನಾಲ್ಕು ಉತ್ತಮ, ಮೂರು ಪರವಾಗಿಲ್ಲ, ಎರಡು ಎಂದರೆ ನಪಾಸು. ಒಂದು ಕೊಡುವಷ್ಟು ಸಿಟ್ಟು ಯಾವ ಅಧ್ಯಾಪಕರಿಗೂ ಬಂದದ್ದನ್ನು ನಾನು ನೋಡಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಸಂಸ್ಕೃತಿಯ ಸ್ನಾತಕೋತ್ತರ ಪದವಿಯನ್ನು, ಅಲ್ಲಿನವರು ಮಗಿಸ್ತ್ರಾತುರ ಎನ್ನುವ ಎರಡು ವರ್ಷದ ಕೋರ್ಸನ್ನು, ಕೈಯಿಂದ ಹಣ ಕಟ್ಟಿ ಓದಿ ಮುಗಿಸಿದವಳು ನಾನು. ಅವರು ನನಗೆ ಅಂಕ ಕೊಟ್ಟಾಯಿತು. ಈಗ ಅದೇ ಐದರ ಲೆಕ್ಕದಲ್ಲಿ ನಾನು ಅವರಿಗೆ ಕೊಡುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಬೈಗುಳ ಆ ಸಂಸ್ಥೆಗೆ, ಹೊಗಳಿಕೆಯಲ್ಲಿ ದೊಡ್ಡ ಪಾಲು ಆ ಊರಿಗೆ ಎಂದುಕೊಂಡು ಓದಿದರೆ ಸಾಕು.

ಕೋರ್ಸ್ ಪೂರ್ತಿ ರಷ್ಯನ್ ಭಾಷೆಯಲ್ಲೇ ನಡೆಯುತ್ತದೆ. ವಿದೇಶಿಯರಿಗಾಗಿ ಇರುವ ರಷ್ಯನ್ ಪರೀಕ್ಷೆಗೆ ತೆರ್ಕಿ ಎನ್ನುತ್ತಾರೆ. ಅದರಲ್ಲಿ ಒಟ್ಟು ಆರು ಹಂತಗಳಿವೆ, ಪ್ರತಿ ಹಂತದಲ್ಲೂ ಐದು ಭಾಗಗಳು: ಪದ ಮತ್ತು ವ್ಯಾಕರಣ, ಓದು, ಆಲಿಸುವಿಕೆ, ಬರವಣಿಗೆ, ಮಾತು. ಭಾಷೆ ಬಾರದವರಿಗೆ ಸಿದ್ಧತಾ ವಿಭಾಗ ಎಂದು ಸುಮಾರು ಒಂದು ವರ್ಷದ ಕಲಿಕೆ ಇದೆ. ಅದು ಮುಗಿಸಿ ಪ್ರಮಾಣಪತ್ರ ಹಿಡಿದು ಬಂದ ಸಹಪಾಠಿಗಳು ಮೊದಲ ಸೆಮಿಸ್ಟರಿನಲ್ಲಿ ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ನಾನು ವರ್ಷಗಟ್ಟಲೆ ಪಂಪು, ಕಂಪ್ರೆಸರ್, ಬೇರಿಂಗುಗಳ ಕೈಪಿಡಿಗಳನ್ನು ರಷ್ಯನ್‌ನಿಂದ ಅನುವಾದಿಸಿ ಹೊಟ್ಟೆ ಹೊರೆದವಳು. ಕವಾಟದ ಹದಿನಾರು ಬಗೆ ಗೊತ್ತಿತ್ತು. ಮೊದಲ ವಾರವೇ ತಿಳಿದದ್ದು, ಆ ಭಾಷೆ ಇಲ್ಲಿ ಯಾವ ಕೆಲಸಕ್ಕೂ ಬಾರದು ಎಂದು.

ಅಲ್ಲಿ ಒಂದು ಪಾಠ ಎಂದರೆ ಒಂದು ಪಾರ, ತೊಂಬತ್ತು ನಿಮಿಷ. ಹಳೆಯ ತಲೆಮಾರಿನ ಪ್ರಾಧ್ಯಾಪಕರು ಸ್ಲೈಡ್ ಹಾಕುವುದಿಲ್ಲ, ಟಿಪ್ಪಣಿ ನೋಡುವುದಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಾ ಮಾತಾಡುತ್ತಾರೆ. ಮಾತಿನ ನಡುವೆ ಕವಿ ಪುಷ್ಕಿನ್‌ನ ಅರ್ಧ ಸಾಲು ಹೇಳಿ ನಿಲ್ಲಿಸುತ್ತಾರೆ. ಉಳಿದರ್ಧವನ್ನು ತರಗತಿಯ ರಷ್ಯನ್ ಹುಡುಗ ಹುಡುಗಿಯರು ತಲೆ ಎತ್ತದೆಯೇ ಪೂರ್ತಿ ಮಾಡುತ್ತಾರೆ. ಶಾಲೆಯಲ್ಲಿ ಕಂಠಪಾಠ ಮಾಡಿಸಿದ್ದರ ಫಲ. ಪ್ರಾಧ್ಯಾಪಕರ ವಾದದ ಅರ್ಧಭಾಗ ಆ ಹೇಳದೆ ಬಿಟ್ಟ ಅರ್ಧ ಸಾಲಿನಲ್ಲಿರುತ್ತದೆ. ಹಾಗಾಗಿ ಹೊರಡುವ ಮೊದಲು ವ್ಯಾಕರಣದ ಜೊತೆಗೆ ಒಂದಷ್ಟು ಕವಿತೆಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಎಂದು ಯಾರು ಕೇಳಿದರೂ ಹೇಳುತ್ತೇನೆ. ತೆರ್ಕಿಗೆ ಅದು ಬೇಕಾಗಿಲ್ಲ, ತರಗತಿಗೆ ಬೇಕು.

ಪಠ್ಯಕ್ರಮದಲ್ಲಿ ಎರಡು ಜಾತಿಯ ವಿಷಯಗಳಿವೆ. ಒಂದು, ವಸ್ತುವನ್ನೇ ಹಿಡಿದು ಮಾತಾಡುವವು: ಪ್ರಾಚೀನ ರಷ್ಯದ ಸಾಹಿತ್ಯ, ಐಕಾನ್ ಎಂಬ ಪೂಜಾಚಿತ್ರಗಳ ಕಲೆ, ಮರದ ವಾಸ್ತುಶಿಲ್ಪ, ಜಾನಪದ, ಹದಿನೆಂಟನೇ ಶತಮಾನದ ಕುಲೀನರ ದಿನಚರಿ. ಇನ್ನೊಂದು, ಸಂಸ್ಕೃತಿಶಾಸ್ತ್ರದ ಸಿದ್ಧಾಂತ ಎಂದು ಬೋರ್ಡು ಹಾಕಿಕೊಂಡವು. ಈ ಎರಡನೆಯದಕ್ಕೆ ಒಂದು ಚರಿತ್ರೆ ಇದೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಮಾರ್ಕ್ಸ್‌ವಾದ, ಲೆನಿನ್‌ವಾದ ಬೋಧಿಸುತ್ತಿದ್ದ ಎಷ್ಟೋ ವಿಭಾಗಗಳು 1990ರ ದಶಕದಲ್ಲಿ ಹೆಸರು ಬದಲಿಸಿಕೊಂಡು ಸಂಸ್ಕೃತಿಶಾಸ್ತ್ರ ವಿಭಾಗಗಳಾದವು. ಹೆಸರು ಬದಲಾದ ವೇಗದಲ್ಲಿ ಬೋಧಿಸುವ ರೀತಿ ಬದಲಾಗಲಿಲ್ಲ ಎಂಬುದು ನನಗೆ ಸಿಕ್ಕ ಸಿದ್ಧಾಂತದ ಪಾಠಗಳಿಂದ ಸ್ಪಷ್ಟವಾಗುತ್ತಿತ್ತು. ನಾಗರಿಕತೆಯ ಸ್ವರೂಪ, ರಷ್ಯದ ಆತ್ಮ, ಪೂರ್ವ ಮತ್ತು ಪಶ್ಚಿಮದ ನಡುವಿನ ಮೂರನೇ ದಾರಿ, ಹೀಗೆ ಒಂದೊಂದು ಪಾರದಲ್ಲಿ ಒಂದೊಂದು ಭೂಖಂಡ ದಾಟುತ್ತಿದ್ದರು. ಹೇಳಿದ್ದನ್ನು ಪರೀಕ್ಷಿಸಿ ನೋಡಲು ಒಂದು ಚಿತ್ರವಿಲ್ಲ, ಒಂದು ಪತ್ರವಿಲ್ಲ. ಈ ಭಾಗಕ್ಕೆ ಎರಡೂವರೆ. ಅರ್ಧ ಅಂಕ ಅಲ್ಲಿನ ಪದ್ಧತಿಯಲ್ಲಿ ಇಲ್ಲ, ಆದರೂ ಕೊಡುತ್ತೇನೆ.

ಇದಕ್ಕೆ ಮದ್ದು ಗ್ರಂಥಾಲಯದ ಕಪಾಟಿನಲ್ಲಿಯೇ ಇದೆ. ಎಸ್ಟೋನಿಯದ ತಾರ್ತುವಿನಲ್ಲಿ ಪಾಠ ಹೇಳಿದ ಯೂರಿ ಲೋತ್‌ಮನ್ ದೊಡ್ಡ ಮಾತುಗಳನ್ನು ಬದಿಗಿಟ್ಟು ದ್ವಂದ್ವಯುದ್ಧದ ನಿಯಮ, ನೃತ್ಯಕೂಟದ ಕ್ರಮ, ಇಸ್ಪೀಟಾಟದ ಸಾಲ ಇವುಗಳಿಂದ ಒಂದು ಕಾಲದ ಮನಸ್ಸನ್ನು ಬಿಡಿಸಿ ತೋರಿಸಿದವರು. ಅವರ ಉಪನ್ಯಾಸಗಳನ್ನು ಸೋವಿಯತ್ ಕಾಲದ ಕೊನೆಯಲ್ಲಿ ಟೆಲಿವಿಷನ್ ಪ್ರಸಾರ ಮಾಡಿತ್ತು. ದಪ್ಪ ಮೀಸೆಯ ಆ ಮನುಷ್ಯ ಕ್ಯಾಮೆರಾದ ಮುಂದೆ ಆರಾಮಾಗಿ ಕುಳಿತು ಮಾತಾಡುವುದನ್ನು ನೋಡಿದವರಿಗೆ ಸಿದ್ಧಾಂತದ ತರಗತಿಯಲ್ಲಿ ಕೂರುವುದು ಇನ್ನೂ ಕಷ್ಟವಾಗುತ್ತದೆ. ಪ್ರಾಚೀನ ಸಾಹಿತ್ಯಕ್ಕೆ ದ್ಮೀತ್ರಿ ಲಿಖಚೋವ್, ಜನಪದ ಕಥೆಗೆ ವ್ಲದೀಮಿರ್ ಪ್ರೊಪ್. ಪ್ರೊಪ್ 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂತ್ರಿಕ ಕಥೆಗಳನ್ನೆಲ್ಲ 31 ಕ್ರಿಯೆಗಳಿಗೆ ಇಳಿಸಿದರು. ಈ ಇಬ್ಬರೂ ಇದೇ ಊರಿನವರು. ಲಿಖಚೋವ್ ಯುವಕನಾಗಿದ್ದಾಗ ಸೊಲೊವ್ಕಿ ದ್ವೀಪದ ಸೆರೆಶಿಬಿರ ಕಂಡು ಬಂದವರು, ಈ ಊರಿಗೆ ಲೆನಿನ್‌ಗ್ರಾಡ್ ಎಂಬ ಹೆಸರಿದ್ದಾಗ ಎರಡನೇ ಮಹಾಯುದ್ಧದಲ್ಲಿ ನಡೆದ ಮುತ್ತಿಗೆಯ ಹಸಿವನ್ನೂ ಕಂಡವರು. ಅವರನ್ನು ಕಂಡು ಮಾತಾಡಿಸಿದ್ದ ಅಧ್ಯಾಪಕರು ನಮ್ಮ ವಿಭಾಗದಲ್ಲಿ ಇನ್ನೂ ಇದ್ದರು. ಅವರ ಹೆಸರೆತ್ತುವಾಗ ಧ್ವನಿ ತಗ್ಗಿಸುತ್ತಿದ್ದರು.

ಐಕಾನ್ ತರಗತಿಗೆ ಐದು. ಅದಕ್ಕಿಂತ ಮೇಲಿನ ಅಂಕ ಇದ್ದಿದ್ದರೆ ಅದನ್ನೂ ಕೊಡುತ್ತಿದ್ದೆ. ಆ ಅಧ್ಯಾಪಕಿ ಮೊದಲ ತಿಂಗಳು ನಮಗೆ ಒಂದೇ ಒಂದು ಚಿತ್ರ ತೋರಿಸಲಿಲ್ಲ. ಹಲಗೆಯ ಬಗ್ಗೆ ಮಾತಾಡಿದರು. ಹಲಗೆ ಹೆಚ್ಚಾಗಿ ಲಿಂಡೆನ್ ಮರದ್ದು. ಅದರ ಮುಖವನ್ನು ಸ್ವಲ್ಪ ಕೆತ್ತಿ ತಗ್ಗು ಮಾಡುತ್ತಾರೆ, ಸುತ್ತಲಿನ ಅಂಚು ಚೌಕಟ್ಟಿನಂತೆ ಎತ್ತರದಲ್ಲಿ ಉಳಿಯುತ್ತದೆ. ಹಲಗೆ ಬಾಗದಿರಲಿ ಎಂದು ಬೆನ್ನಿಗೆ ಅಡ್ಡಪಟ್ಟಿ. ಮುಖಕ್ಕೆ ಅಂಟಿನಲ್ಲಿ ಅದ್ದಿದ ನಾರುಬಟ್ಟೆ, ಅದರ ಮೇಲೆ ಸೀಮೆಸುಣ್ಣ ಮತ್ತು ಅಂಟಿನ ಲೇಪ ಪದರ ಪದರವಾಗಿ. ಆ ಲೇಪಕ್ಕೆ ಲೆವ್ಕಾಸ್ ಎಂದು ಹೆಸರು. ಉಜ್ಜಿ ನುಣುಪು ಮಾಡಿದ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಎಲ್ಲ ಮುಗಿದ ಮೇಲೆ ಕಾಪಾಡಲೆಂದು ಒಲೀಫ, ಅಂದರೆ ಕುದಿಸಿದ ಅಗಸೆ ಎಣ್ಣೆ.

ಎಡವಟ್ಟು ಆ ಎಣ್ಣೆಯದೇ. ಅದು ಎಂಬತ್ತು ನೂರು ವರ್ಷಗಳಲ್ಲಿ ಕಪ್ಪಾಗುತ್ತದೆ. ಮೇಣದ ಬತ್ತಿಯ ಹೊಗೆಯೂ ಸೇರಿ ಮುಖ ಕಾಣದಂತಾದಾಗ ಅದರ ಮೇಲೆಯೇ ಹೊಸದಾಗಿ ಬರೆಯುತ್ತಿದ್ದರು. ಅದೂ ಕಪ್ಪಾಗುತ್ತಿತ್ತು. ಹೀಗೆ ಶತಮಾನಗಟ್ಟಲೆ ನಡೆದು, ಹತ್ತೊಂಬತ್ತನೇ ಶತಮಾನದ ಓದಿದ ಜನ ರಷ್ಯದ ಐಕಾನ್ ಎಂದರೆ ಮಂಕು ಕಂದು ಬಣ್ಣದ್ದು ಎಂದೇ ನಂಬಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪದರಗಳನ್ನು ತೆಗೆಯತೊಡಗಿದಾಗ ಅಡಿಯಿಂದ ಕುಂಕುಮಗೆಂಪು, ಹಸಿರು, ನೀಲಿ ಬಂದವು. 1911ರಲ್ಲಿ ಮಾಸ್ಕೋಗೆ ಬಂದ ಫ್ರೆಂಚ್ ಚಿತ್ರಕಾರ ಮಾತೀಸ್ ಅವುಗಳನ್ನು ಕಂಡು ಬೆರಗಾದ. 1913ರಲ್ಲಿ ಅಲ್ಲಿ ಶುಚಿಗೊಳಿಸಿದ ಐಕಾನ್‌ಗಳ ದೊಡ್ಡ ಪ್ರದರ್ಶನ ನಡೆಯಿತು. ಒಂದು ದೇಶ ತನ್ನ ಐದುನೂರು ವರ್ಷದ ಚಿತ್ರಕಲೆಯನ್ನು ಮೊದಲ ಬಾರಿಗೆ ನೋಡಿದ್ದು ಆ ವರ್ಷಗಳಲ್ಲಿ. ಈ ಒಂದು ಸಂಗತಿಯಿಂದ ನನಗೆ ಸಿಕ್ಕ ತಿಳಿವು ಸಿದ್ಧಾಂತದ ಎರಡು ಸೆಮಿಸ್ಟರುಗಳಿಂದ ಸಿಗಲಿಲ್ಲ.

ಇಷ್ಟೆಲ್ಲ ಕೇಳಿಸಿದ ಮೇಲೆ ಆ ಅಧ್ಯಾಪಕಿ ನಮ್ಮನ್ನು ರಷ್ಯನ್ ಮ್ಯೂಸಿಯಮ್ಮಿಗೆ ಕರೆದೊಯ್ದು 'ಚಿನ್ನದ ಕೂದಲಿನ ದೇವದೂತ'ನ ಮುಂದೆ ನಿಲ್ಲಿಸಿದರು. ಹನ್ನೆರಡನೇ ಶತಮಾನದ್ದು. ಅರ್ಧ ಮೀಟರ್ ಎತ್ತರವೂ ಇಲ್ಲ. ಪುಸ್ತಕಗಳಲ್ಲಿ ನೋಡಿದವರಿಗೆ ಮೊದಲು ನಿರಾಸೆಯೇ ಆಗುತ್ತದೆ. ಪಕ್ಕಕ್ಕೆ ಬಾಗಿ, ದೀಪದ ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿ ಎಂದರು. ಕೂದಲಿನ ಎಳೆ ಎಳೆಗೂ ಚಿನ್ನದ ಗೆರೆ ಎಳೆದಿದ್ದಾನೆ. ನಾವು ತಲೆ ಆಡಿಸಿದಂತೆ ಒಂದೊಂದು ಗೆರೆ ಹೊತ್ತಿಕೊಳ್ಳುತ್ತದೆ, ಇನ್ನೊಂದು ಆರುತ್ತದೆ. ಕಣ್ಣುಗಳು ಮಾತ್ರ ನಮ್ಮನ್ನು ನೋಡುವುದಿಲ್ಲ, ಪಕ್ಕಕ್ಕೆ ಹೊರಳಿವೆ. ಇದನ್ನು ಬರೆದ ಕಾಲದಲ್ಲಿ ಇದರ ಮುಂದೆ ಇದ್ದದ್ದು ಅಲುಗಾಡುವ ಬತ್ತಿಯ ಬೆಳಕು ಎಂದು ಅಧ್ಯಾಪಕಿ ಒಂದೇ ಮಾತು ಹೇಳಿ ಸುಮ್ಮನಾದರು. ಗುಂಪಿನಲ್ಲಿ ಹಿಂದೆ ನಿಂತಿದ್ದ ಒಬ್ಬ ಪ್ರವಾಸಿ ತನ್ನ ಮಾರ್ಗದರ್ಶಿಯನ್ನು ಬಿಟ್ಟು ನಮ್ಮ ಜೊತೆಯೇ ಉಳಿದುಬಿಟ್ಟ.

ನೊವ್ಗೊರೊಡ್ ಪ್ರವಾಸವೂ ಕೋರ್ಸಿನ ಭಾಗವೇ. ಪೀಟರ್ಸ್‌ಬರ್ಗ್‌ನಿಂದ ರೈಲಿನಲ್ಲಿ ಮೂರು ಗಂಟೆಯ ಆಸುಪಾಸು. ಅಲ್ಲಿ 11ನೇ ಶತಮಾನದ ಸೋಫಿಯಾ ಚರ್ಚು ಇದೆ, ಇಲಿನ್ ಬೀದಿಯ ಚರ್ಚಿನಲ್ಲಿ 1378ರಲ್ಲಿ ಗ್ರೀಕ್ ಥಿಯೋಫಾನ್ ಬರೆದ ಭಿತ್ತಿಚಿತ್ರಗಳಿವೆ. ಬಿಳಿ ಗೆರೆಗಳಿಂದ ಸೀಳಿದಂಥ ಆ ಮುಖಗಳನ್ನು ನೋಡಲೇಬೇಕು. ಆದರೂ ನನ್ನ ಮನಸ್ಸು ನಿಂತದ್ದು ಬರ್ಚ್ ತೊಗಟೆಯ ಚೂರುಗಳ ಹತ್ತಿರ. 1951ರ ಜುಲೈ 26ರಂದು ಅಲ್ಲಿನ ಉತ್ಖನನದಲ್ಲಿ ಮೊದಲ ತೊಗಟೆ ಪತ್ರ ಸಿಕ್ಕಿತು. ಈಗ ನೊವ್ಗೊರೊಡ್ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಇವೆ. ಶಾಯಿ ಇಲ್ಲ, ಮೂಳೆಯ ಅಥವಾ ಲೋಹದ ಕಡ್ಡಿಯಿಂದ ಗೀರಿದ ಅಕ್ಷರ. ಅಲ್ಲಿನ ಮಣ್ಣು ನೀರು ತುಂಬಿ ಗಾಳಿಯಾಡದಂತಿರುವುದರಿಂದ ಉಳಿದುಕೊಂಡಿವೆ. ಅವುಗಳಲ್ಲಿ ಏನಿದೆ ಎಂದರೆ ಇಷ್ಟು ಸಾಲ ಬರಬೇಕು, ಅಂಗಿ ಕಳಿಸು, ಕುದುರೆಯ ವಿಷಯ ಏನಾಯಿತು. 13ನೇ ಶತಮಾನದ ಒಂದು ಚೂರಿನಲ್ಲಿ ಮಿಕೀತ ಎಂಬವನು ಉಲ್ಯಾನಿತ್ಸ ಎಂಬವಳಿಗೆ ನನ್ನನ್ನು ಮದುವೆಯಾಗು, ನನಗೆ ನೀನು ಬೇಕು, ನಿನಗೆ ನಾನು ಬೇಕು ಎಂದು ನೇರವಾಗಿ ಗೀರಿದ್ದಾನೆ. ಒನ್‌ಫೀಮ್ ಎಂಬ ಪೋರನೊಬ್ಬ ಅಕ್ಷರಾಭ್ಯಾಸ ಮಾಡುತ್ತಾ ಬೇಸರ ಬಂದಾಗ ಕುದುರೆ ಸವಾರನ ಚಿತ್ರ ಬರೆದು, ಸವಾರನ ಪಕ್ಕ ತನ್ನದೇ ಹೆಸರು ಬರೆದಿದ್ದಾನೆ. ಕೈಗೆ ಎಷ್ಟು ಬೆರಳು ಎಂಬುದರಲ್ಲಿ ಅವನಿಗೆ ಖಚಿತತೆ ಇಲ್ಲ, ಕೆಲವು ಕೈಗಳಿಗೆ ಮೂರೇ.

ಅದೇ ಸೆಮಿಸ್ಟರಿನಲ್ಲಿ ಅಫನಾಸಿ ನಿಕೀತಿನ್‌ನ ಪ್ರವಾಸಕಥನ ಓದಿಸಿದರು. ತ್ವೆರ್ ಊರಿನ ವ್ಯಾಪಾರಿ, 15ನೇ ಶತಮಾನದಲ್ಲಿ ಊರು ಬಿಟ್ಟು, ಒಂದು ಕುದುರೆಯೊಂದಿಗೆ ಕಡಲು ದಾಟಿ ಬಹಮನಿ ಸುಲ್ತಾನರ ಬೀದರ್‌ವರೆಗೆ ಬಂದವನು. ಸುಲ್ತಾನನ ಅರಮನೆಗೆ ಏಳು ಬಾಗಿಲು ಎಂದು ಎಣಿಸಿ ಬರೆದಿದ್ದಾನೆ. ತರಗತಿಯಲ್ಲಿ ಎಲ್ಲರೂ ಇದನ್ನು ದೂರದ ಯಾವುದೋ ಅದ್ಭುತ ಲೋಕದ ವರ್ಣನೆಯಾಗಿ ಓದುತ್ತಿದ್ದರೆ, ಕನ್ನಡದವಳಾದ ನನಗೆ ಅದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಜಾಗ. ಅಧ್ಯಾಪಕರು ಆ ಕೋಟೆ ಈಗಲೂ ಇದೆಯೇ ಎಂದು ಕೇಳಿದರು. ಇದೆ ಎಂದೆ. ಅವರಿಗಾದ ಸಂತೋಷ ನೋಡಬೇಕಿತ್ತು. ಜೀವಮಾನವಿಡೀ ಬೋಧಿಸಿದ ಪಠ್ಯದ ಒಂದು ಊರು ನಿಜಕ್ಕೂ ಇದೆ ಎಂದು ಯಾರೋ ಸಾಕ್ಷಿ ಹೇಳಿದಂತಾಗಿತ್ತು. ಆ ಪಠ್ಯದಲ್ಲಿ ನಿಕೀತಿನ್ ರಷ್ಯನ್ ಬಿಟ್ಟು ತುರ್ಕಿ, ಪಾರಸಿ, ಅರಬ್ಬಿ ಬೆರೆತ ಮಾತಿನಲ್ಲಿ ಪ್ರಾರ್ಥಿಸುವ ಭಾಗಗಳಿವೆ. ಅವನ ನಂಬಿಕೆ ಆಗ ಯಾವುದಾಗಿತ್ತು ಎಂಬ ಚರ್ಚೆ ಎರಡು ಪಾರ ನಡೆದು ಜಗಳದ ಅಂಚಿಗೆ ಹೋಯಿತು. ಅಂಥ ಜಗಳ ಆಗುವ ತರಗತಿ ನನಗೆ ಬೇಕಿತ್ತು, ಸಿಕ್ಕಿತು.

ಪರೀಕ್ಷೆಯ ಬಗ್ಗೆ ಬಿಡಿಸಿ ಹೇಳಬೇಕು. ಇದು ಲಿಖಿತ ಪರೀಕ್ಷೆಗೆ ಒಗ್ಗಿದವರನ್ನು ನಡುಗಿಸುವಂಥದ್ದು. ಜನವರಿ ಮತ್ತು ಜೂನ್‌ನಲ್ಲಿ ಪರೀಕ್ಷಾ ಕಾಲ. ಮೇಜಿನ ಮೇಲೆ ಕಾಗದದ ಚೀಟಿಗಳನ್ನು ಮುಖ ಕೆಳಗೆ ಮಾಡಿ ಹರಡಿರುತ್ತಾರೆ. ಒಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ. ಹಿಂದಿನ ಬೆಂಚಿನಲ್ಲಿ ಕೂತು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಸಿದ್ಧವಾಗಿ, ಅಧ್ಯಾಪಕರ ಎದುರಿನ ಕುರ್ಚಿಗೆ ಹೋಗಿ ಬಾಯಲ್ಲಿ ಉತ್ತರ ಹೇಳಬೇಕು. ಗಿಳಿಪಾಠ ಎರಡು ನಿಮಿಷ ನಡೆಯುತ್ತದೆ. ಆಮೇಲೆ ಅವರು ಪೆನ್ನು ಕೆಳಗಿಟ್ಟು ಒಂದು ಸಣ್ಣ ಪ್ರಶ್ನೆ ಕೇಳುತ್ತಾರೆ. ನನಗೆ ಬಂದದ್ದು 17ನೇ ಶತಮಾನದ ಚರ್ಚಿನ ಒಡಕಿನ ಚೀಟಿ. ರಷ್ಯದ ಚರ್ಚಿನ ಮುಖ್ಯಸ್ಥ ನಿಕೋನ್‌ನ ಸುಧಾರಣೆ, ಎರಡು ಬೆರಳಿನ ಬದಲು ಮೂರು ಬೆರಳಿನಿಂದ ಶಿಲುಬೆಯ ಗುರುತು, ಯೇಸುವಿನ ಹೆಸರಿಗೆ ಇನ್ನೊಂದು ಅಕ್ಷರ ಸೇರಿಸಿದ್ದು, ಇದನ್ನು ಒಪ್ಪದ ಪಾದ್ರಿ ಅವ್ವಕುಮ್‌ನನ್ನು 1682ರಲ್ಲಿ ಪುಸ್ತೊಜ್ಯೊರ್ಸ್ಕ್‌ನಲ್ಲಿ ಸುಟ್ಟದ್ದು, ಎಲ್ಲ ಒದರಿದೆ. ಕೇಳಿಕೊಂಡ ಅಧ್ಯಾಪಕಿ, ನೀವು ಓದಿದ್ದೀರಿ ಎಂಬುದು ಗೊತ್ತಾಯಿತು, ಈಗ ಒಂದು ಬೆರಳಿಗಾಗಿ ಸಾಯಲು ಒಬ್ಬ ರೈತ ಯಾಕೆ ಸಿದ್ಧನಾದ ಎಂದು ನನಗೆ ಅರ್ಥವಾಗುವಂತೆ ಹೇಳಿ ಎಂದರು. ಇಪ್ಪತ್ತು ನಿಮಿಷ ಹೆಣಗಾಡಿ ಏನೋ ಹೇಳಿದೆ. ನಾಲ್ಕು ಸಿಕ್ಕಿತು. ಇಡೀ ಕೋರ್ಸಿನಲ್ಲಿ ನಾನು ಅತ್ಯಂತ ಹೆಚ್ಚು ಕಲಿತ ಇಪ್ಪತ್ತು ನಿಮಿಷ ಅದು.

ವಿದ್ಯಾರ್ಥಿಗಳಿಗೆ ಇದನ್ನು ಎದುರಿಸಲು ತಮ್ಮದೇ ವಿಧಿಗಳಿವೆ. ಪರೀಕ್ಷೆಯ ಹಿಂದಿನ ರಾತ್ರಿ ಅಂಕಪುಸ್ತಕವನ್ನು ಕಿಟಕಿಯಿಂದ ಹೊರಗೆ ತೆರೆದು ಹಿಡಿದು, ಪುಕ್ಕಟೆ ಪಾಸೇ ಬಾ ಎಂಬರ್ಥದಲ್ಲಿ ಗಟ್ಟಿಯಾಗಿ ಕೂಗುವುದು. ಐದು ಕೊಪೆಕ್ ನಾಣ್ಯವನ್ನು ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಇಟ್ಟುಕೊಳ್ಳುವುದು. ಜಾನಪದದಲ್ಲಿ ಡಾಕ್ಟರೇಟ್ ಮಾಡುತ್ತಿದ್ದವರೂ ಕೂಗುತ್ತಿದ್ದರು.

ಇನ್ನು ಕಚೇರಿ. ಮೂರು ಕೊಡುತ್ತಿದ್ದೇನೆ ಎಂದರೆ ಔದಾರ್ಯದಿಂದಲೇ. ವೇಳಾಪಟ್ಟಿ ಸೆಮಿಸ್ಟರ್ ಆರಂಭವಾದ ಮೇಲೆಯೂ ಬದಲಾಗುತ್ತಲೇ ಇತ್ತು. ಡೀನ್ ಕಚೇರಿಯ ಬಾಗಿಲ ಮೇಲೆ ಅಂಟಿಸಿದ ಕಾಗದದಲ್ಲಿ ಒಂದು ಕೊಠಡಿ ಸಂಖ್ಯೆ, ಜಾಲತಾಣದಲ್ಲಿ ಇನ್ನೊಂದು. ಯಾವುದೇ ಪ್ರಮಾಣಪತ್ರ ಬೇಕೆಂದರೆ ಅರ್ಜಿ, ಸಹಿ, ದುಂಡು ಮೊಹರು. ಮೊಹರು ಇರುವ ಮಹಿಳೆ ಮಧ್ಯಾಹ್ನದ ಬಿಡುವಿನಲ್ಲಿದ್ದಾರೆ. ವಿದೇಶಿಯರಿಗೆ ಇದರ ಮೇಲೆ ಇನ್ನಷ್ಟು ಹೊರೆ. ದೇಶದೊಳಗೆ ಬಂದ ಏಳು ಕೆಲಸದ ದಿನಗಳೊಳಗೆ ವಾಸಸ್ಥಳದ ನೋಂದಣಿ ಆಗಬೇಕು. ರಜೆಗೆ ಹೊರದೇಶಕ್ಕೆ ಹೋಗಿ ಬಂದರೆ ಮತ್ತೆ ಮೊದಲಿನಿಂದ. ವೈದ್ಯಕೀಯ ತಪಾಸಣೆ, ಎದೆಯ ಎಕ್ಸ್-ರೇ, ಬೆರಳಚ್ಚು, ವೀಸಾ ವಿಸ್ತರಣೆ, ಪ್ರತಿಯೊಂದಕ್ಕೂ ಪಾಸ್‌ಪೋರ್ಟಿನ ನೋಟರಿ ಮಾಡಿಸಿದ ಅನುವಾದ. ವೀಸಾ ವಿಸ್ತರಣೆಗೆ ಪಾಸ್‌ಪೋರ್ಟ್ ಒಪ್ಪಿಸಿದರೆ ವಾರಗಟ್ಟಲೆ ಕೈಗೆ ಬಾರದು, ಆ ಅವಧಿಯಲ್ಲಿ ಊರು ಬಿಟ್ಟು ಕದಲುವಂತಿಲ್ಲ. ಹೊಸದಾಗಿ ಬರುವವರು ಆ ವಾರಗಳಿಗೆ ಯಾವ ಪ್ರವಾಸವನ್ನೂ ಇಟ್ಟುಕೊಳ್ಳಬಾರದು.

ಹಾಸ್ಟೆಲ್ ಬಾಡಿಗೆ ಊರಿನ ಬಾಡಿಗೆಗೆ ಹೋಲಿಸಿದರೆ ತೀರಾ ಅಗ್ಗ. ಅದಕ್ಕೆ ತಕ್ಕ ಹಾಗೆ ಇದೆ. ಬಾಗಿಲಲ್ಲಿ ಕಾವಲಿನ ಅಜ್ಜಿ, ಕೈಯಲ್ಲಿ ಹೆಣಿಗೆ. ಗುರುತಿನ ಚೀಟಿ ತೋರಿಸದೆ ಒಳಗೆ ಬಿಡುವುದಿಲ್ಲ, ಎರಡು ವರ್ಷ ಮುಖ ನೋಡಿದ್ದರೂ ಬಿಡುವುದಿಲ್ಲ. ರಾತ್ರಿ ಮೆಟ್ರೋ ನಿಂತ ಮೇಲೆ, ಏಪ್ರಿಲ್‌ನಿಂದ ನವೆಂಬರ್‌ವರೆಗೆ ನೆವಾ ನದಿಯ ಸೇತುವೆಗಳನ್ನು ಹಡಗುಗಳಿಗಾಗಿ ಎತ್ತುತ್ತಾರೆ. ನಿಮ್ಮ ಹಾಸ್ಟೆಲ್ ಆಚೆ ದಂಡೆಯಲ್ಲಿದ್ದರೆ ನಾಟಕದ ನಂತರದ ಚರ್ಚೆಯನ್ನು ಚುಟುಕು ಮಾಡಿಕೊಳ್ಳಿ.

ನನ್ನ ದೊಡ್ಡ ತಕರಾರು ಪಠ್ಯಕ್ರಮದ ಅಗಲದ ಬಗ್ಗೆ. ಆ ದೇಶದಲ್ಲಿ 190ಕ್ಕೂ ಹೆಚ್ಚು ಜನಾಂಗಗಳಿವೆ ಎಂದು ಅವರದೇ ಸರಕಾರ ಹೇಳುತ್ತದೆ. ಕೋರ್ಸಿನಲ್ಲಿ ತಾತಾರರಿಗೆ, ಬುರ್ಯಾತರಿಗೆ, ಯಾಕೂತರಿಗೆ, ಕಾಕಸಸ್‌ನ ಅಷ್ಟೂ ಜನರಿಗೆ ಸೇರಿ ಸಿಕ್ಕಿದ್ದು ಒಂದೇ ಉಪನ್ಯಾಸ, ಅದೂ ಐಚ್ಛಿಕ ವಿಷಯದಲ್ಲಿ. ಸಂಸ್ಕೃತಿ ಎಂದರೆ ಮಾಸ್ಕೋ, ಪೀಟರ್ಸ್‌ಬರ್ಗ್ ಎಂಬ ಹೊಸ ಹಳೆಯ ಎರಡು ರಾಜಧಾನಿಗಳು, ಚರ್ಚು, ಕುಲೀನರ ಎಸ್ಟೇಟು, ಉತ್ತರದ ರಷ್ಯನ್ ಹಳ್ಳಿ ಎಂಬ ಗೆರೆ ಎಳೆದಾಗಿದೆ. ಇದರ ವಿಪರ್ಯಾಸ ಕಣ್ಣಿಗೆ ಹೊಡೆಯುವಂಥದ್ದು. ನಾವು ಮತ್ತೆ ಮತ್ತೆ ಹೋಗುತ್ತಿದ್ದ ರಷ್ಯನ್ ಮ್ಯೂಸಿಯಮ್ಮಿನ ಮಗ್ಗುಲಲ್ಲೇ ರಷ್ಯದ ಜನಾಂಗಶಾಸ್ತ್ರ ಮ್ಯೂಸಿಯಂ ಇದೆ. ಸೈಬೀರಿಯದ ಶಮನರ ಡೋಲು, ಮಧ್ಯ ಏಷ್ಯದ ಕಂಬಳಿ, ಉತ್ತರದ ತುಪ್ಪಳದ ಉಡುಪು, ಎಲ್ಲವೂ ಅಲ್ಲಿವೆ. ತರಗತಿಯಾಗಿ ಒಮ್ಮೆಯೂ ಆ ಮೆಟ್ಟಿಲು ಹತ್ತಲಿಲ್ಲ. ಟಿಕೆಟ್ ಕೊಂಡು ನಾನೇ ಹೋದೆ. ಸಹಪಾಠಿಗಳಲ್ಲಿ ಯಾಕೂತಿಯದಿಂದ ಬಂದ ಹುಡುಗಿಯೊಬ್ಬಳಿದ್ದಳು. ಆಕೆ ಪ್ರಬಂಧಕ್ಕೆ ಆರಿಸಿಕೊಂಡದ್ದು ಪುಷ್ಕಿನ್ ಕಾಲದ ಪತ್ರವ್ಯವಹಾರ. ನಿಮ್ಮ ಕಡೆಯ ವಿಷಯ ಯಾಕೆ ಬೇಡ ಎಂದು ಕೇಳಿದ್ದಕ್ಕೆ, ಇಲ್ಲಿ ಮಾರ್ಗದರ್ಶನ ಮಾಡುವವರು ಯಾರಿದ್ದಾರೆ ಎಂದಳು.

ಇತ್ತೀಚಿನ ಸಾಹಿತ್ಯದ ಪತ್ರಿಕೆಯೂ ಸೊರಗಿದೆ, ಕಾರಣ ಬೇರೆ. 2022ರ ನಂತರ ಎಷ್ಟೋ ಲೇಖಕರು ದೇಶ ಬಿಟ್ಟರು. ವಿದೇಶಿ ಏಜೆಂಟ್ ಎಂದು ಸರಕಾರ ಪಟ್ಟಿಗೆ ಸೇರಿಸಿದವರ ಪುಸ್ತಕಗಳು ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ, 18 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತಿನೊಂದಿಗೆ ಇರುತ್ತಿದ್ದವು. ತರಗತಿಯಲ್ಲಿ ಅವರ ಹೆಸರು ಬಂದಾಗ ಅಧ್ಯಾಪಕರು ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ವರ್ತಮಾನದ ರಷ್ಯವನ್ನು ಅಧ್ಯಯನ ಮಾಡಬೇಕೆಂದು ಹೊರಟವರಿಗೆ ಈ ಕೋರ್ಸ್ ಸಾಲದು. ಅದೇ ವರ್ಷದಿಂದ ಹೊರದೇಶದ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಿ. ನಗದು ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದು ಅವರದೇ ಆದ ಮಿರ್ ಕಾರ್ಡ್ ಮಾಡಿಸಿಕೊಳ್ಳುವವರೆಗೆ ಕಷ್ಟವೇ.

ವಿದ್ಯಾರ್ಥಿ ಚೀಟಿಗೆ ಪ್ರತ್ಯೇಕವಾಗಿ ಐದು. ಹರ್ಮಿಟೇಜ್ ಒಳಗೆ ಪುಕ್ಕಟೆ. ಬೇರೆ ಮ್ಯೂಸಿಯಮ್ಮುಗಳಲ್ಲಿ ರಿಯಾಯಿತಿ, ಮೆಟ್ರೋಗೆ ವಿದ್ಯಾರ್ಥಿ ಪಾಸ್. ಹಣ ಕೊಟ್ಟು ಬಂದ ಪ್ರವಾಸಿ ಒಂದೇ ದಿನದಲ್ಲಿ ನಾನೂರು ಕೋಣೆ ಓಡಬೇಕೆಂದು ಬೆವರುತ್ತಿದ್ದರೆ, ನೀವು ಒಂದೇ ಚಿತ್ರ ನೋಡಿ ಚಹಾ ಕುಡಿಯಲು ಹೊರಬರಬಹುದು. ಸಂಸ್ಕೃತಿ ಓದಲು ಬೇಕಾದ ಸೌಕರ್ಯ ಎಂದರೆ ಹೆಚ್ಚುಕಡಿಮೆ ಇದೇ. ಚಳಿಗಾಲದ ವಾರದ ದಿನಗಳ ಸಂಜೆ, ಜನ ಕಡಿಮೆ ಇರುವಾಗ ಹೋಗಬೇಕು.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಲುಬೋಕ್, ಸಂತೆಗಳಲ್ಲಿ ಮಾರುತ್ತಿದ್ದ ಅಗ್ಗದ ಅಚ್ಚುಚಿತ್ರಗಳು. ಮೊದಲು ಮರದ ಅಚ್ಚು, ಆಮೇಲೆ ತಾಮ್ರದ್ದು. ಬಣ್ಣ ಕೈಯಿಂದ ಬಳಿಯುತ್ತಿದ್ದರು, ಗೆರೆ ದಾಟಿದರೆ ದಾಟಿತು. ಅವುಗಳಲ್ಲಿ ಹೆಸರಾದದ್ದು 'ಇಲಿಗಳು ಬೆಕ್ಕನ್ನು ಹೂಳಿದ್ದು'. ಬೆಕ್ಕು ಕಾಲು ಕಟ್ಟಿಸಿಕೊಂಡು ಜಾರುಬಂಡಿಯ ಮೇಲೆ ಮಲಗಿದೆ, ಇಲಿಗಳ ಮೆರವಣಿಗೆ ಎಳೆಯುತ್ತಿದೆ, ಒಂದೊಂದು ಇಲಿಗೂ ಒಂದೊಂದು ಊರು, ಒಂದೊಂದು ಹೆಸರು. ಬೆಕ್ಕಿನ ಬಿರುದು: ಕಜಾನಿನ ಬೆಕ್ಕು, ಆಸ್ಟ್ರಾಖಾನಿನ ಮನಸ್ಸು, ಸೈಬೀರಿಯದ ಬುದ್ಧಿ. ಕಜಾನ್, ಆಸ್ಟ್ರಾಖಾನ್, ಸೈಬೀರಿಯಗಳ ದೊರೆ ಎಂಬ ತ್ಸಾರನ ಬಿರುದಾವಳಿಯ ಅಣಕ ಅದು. ಮಹಾ ಪೀಟರ್ ಸತ್ತಾಗ ಹಳೆಯ ನಂಬಿಕೆಯವರು, ಅಂದರೆ ನಿಕೋನ್‌ನ ಸುಧಾರಣೆ ಒಪ್ಪದವರು, ಮಾಡಿದ ಗೇಲಿ ಎಂದು ಬಹುಕಾಲ ಹೇಳುತ್ತಿದ್ದರು. ಅದು ಪೀಟರ್‌ಗಿಂತ ಹಳೆಯ ನಗೆಚಾಟಿಕೆ ಎಂದು ವಾದಿಸುವವರೂ ಇದ್ದಾರೆ. ಸಂಗ್ರಹಕಾರ ರೊವಿನ್‌ಸ್ಕಿ 1881ರಲ್ಲಿ ಐದು ಸಂಪುಟಗಳಲ್ಲಿ ಈ ಚಿತ್ರಗಳನ್ನೆಲ್ಲ ದಾಖಲಿಸಿದ. ಆ ಸಂಪುಟಗಳನ್ನೂ ಮೂಲ ಹಾಳೆಗಳನ್ನೂ ರಾಷ್ಟ್ರೀಯ ಗ್ರಂಥಾಲಯದಲ್ಲಿ, ನೆವ್‌ಸ್ಕಿ ಮತ್ತು ಸದೋವಯ ರಸ್ತೆಗಳು ಕೂಡುವ ಮೂಲೆಯ ಹಳೆಯ ಕಟ್ಟಡದಲ್ಲಿ ನೋಡಲು ಸಿಕ್ಕಿತು. 1814ರಲ್ಲಿ ಓದುಗರಿಗೆ ತೆರೆದ ಗ್ರಂಥಾಲಯ ಅದು. ಸದಸ್ಯತ್ವಕ್ಕೆ ಪಾಸ್‌ಪೋರ್ಟ್ ಬೇಕು. ಅಚ್ಚುಚಿತ್ರಗಳ ವಿಭಾಗದ ಮೇಲ್ವಿಚಾರಕಿ ಮೊದಲು ಕೈ ತೊಳೆದು ಬರಲು ಹೇಳಿದರು, ಆಮೇಲೆ ಕೈ ತೋರಿಸಲು ಹೇಳಿದರು.

ಮಾರ್ಗದರ್ಶಕರು ನನ್ನ ಮೊದಲ ಅಧ್ಯಾಯವನ್ನು ಎರಡು ತಿಂಗಳು ಇಟ್ಟುಕೊಂಡು, ಅಂಚಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿ ಮರಳಿಸಿದರು. ಪ್ರತಿ ಚಿಹ್ನೆಯೂ ಸರಿಯಾದ ಜಾಗದಲ್ಲೇ ಇತ್ತು ಎಂಬುದು ಇನ್ನೂ ಸಿಟ್ಟು ಬರಿಸುವ ವಿಷಯ. ಪ್ರಬಂಧವನ್ನು ಮೊದಲು ಕೃತಿಚೌರ್ಯ ಪತ್ತೆಹಚ್ಚುವ ಯಂತ್ರಕ್ಕೆ ಉಣಿಸುತ್ತಾರೆ. ಅದು ಹಳೆಯ ಚಿತ್ರಗಳ ಮೇಲಿನ ಬರಹವನ್ನು ನಾನು ಉದ್ಧರಿಸಿದ್ದನ್ನೂ ಕಳವು ಎಂದು ತೋರಿಸಿತು. ಮುನ್ನೂರು ವರ್ಷದ ಹಿಂದಿನ ಇಲಿಗಳಿಂದ ಕದ್ದಿದ್ದೇನೆ ಎಂದು ಅರ್ಜಿ ಬರೆದು ವಿವರಿಸಬೇಕಾಯಿತು. ಸಮರ್ಥನೆಯ ದಿನ ಮಂಡಳಿಯ ಎದುರು ನಿಂತು ಮಾತಾಡಬೇಕು, ಮಾರ್ಗದರ್ಶಕರ ಅಭಿಪ್ರಾಯ ಮತ್ತು ಹೊರಗಿನ ವಿಮರ್ಶಕರ ಟಿಪ್ಪಣಿಗಳನ್ನು ಎಲ್ಲರೆದುರು ಓದುತ್ತಾರೆ, ಆಕ್ಷೇಪಗಳಿಗೆ ಅಲ್ಲೇ ಉತ್ತರಿಸಬೇಕು. ಈ ಪದ್ಧತಿ ಗಟ್ಟಿಯಾಗಿದೆ. ನಾಲ್ಕು, ಆ ಎರಡು ತಿಂಗಳಿಗಾಗಿ ಒಂದು ಕಡಿತ.

ಹಣದ ಮಾತು. ನಾನು ವರ್ಷಕ್ಕೆ ಸುಮಾರು 3 ಲಕ್ಷ ರೂಬಲ್ ಶುಲ್ಕ ಕಟ್ಟಿದೆ. ಶುಲ್ಕ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ, ಪ್ರತಿ ವರ್ಷ ಏರುತ್ತದೆ. ರಷ್ಯ ಸರಕಾರ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಕೋಟಾದಲ್ಲಿ ಆಯ್ಕೆಯಾದರೆ ಬೋಧನಾ ಶುಲ್ಕ ಇಲ್ಲ, ಹಾಸ್ಟೆಲಿನಲ್ಲಿ ಜಾಗ ಸಿಗುತ್ತದೆ, ತಿಂಗಳಿಗೆ ಒಂದು ಸಣ್ಣ ಭತ್ಯೆಯೂ ಇದೆ. ಆ ಭತ್ಯೆಯಿಂದ ತಿಂಗಳು ಕಳೆಯಲಾಗದು, ವಿಮಾನದ ಖರ್ಚು ನಿಮ್ಮದೇ. ಮುಂದೆ ಓದಬೇಕೆಂದರೆ ಅಸ್ಪಿರಂತೂರ ಎಂಬ ಸಂಶೋಧನಾ ಹಂತ ಇದೆ. ಉನ್ನತ ಶಿಕ್ಷಣದ ಚೌಕಟ್ಟನ್ನೇ ಅವರು ಈಗ ಬದಲಿಸುತ್ತಿರುವುದರಿಂದ ಸ್ನಾತಕೋತ್ತರ ಕೋರ್ಸಿನ ಅವಧಿಯನ್ನು ಅರ್ಜಿ ಹಾಕುವ ವರ್ಷದಲ್ಲಿ ಮತ್ತೊಮ್ಮೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಈ ಪದವಿ ಹಿಡಿದು ಬಂದರೆ ಕೆಲಸ ಸಿಗುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ನಾನು ಮತ್ತೆ ಪಂಪುಗಳ ಕೈಪಿಡಿ ಅನುವಾದಿಸುತ್ತಿದ್ದೇನೆ, ಜೊತೆಗೆ ಒಂದೆರಡು ಕಲಾಗ್ರಂಥಗಳ ಕೆಲಸವೂ ಬಂದಿದೆ.

ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಒಂದು ಮಿಂಚಂಚೆ ಬರೆದು ಮೂರು ವಿಷಯ ಕೇಳಿ. ಎಷ್ಟು ತರಗತಿಗಳು ಮ್ಯೂಸಿಯಂ ಅಥವಾ ಹಸ್ತಪ್ರತಿ ಭಂಡಾರದಲ್ಲಿ ನಡೆಯುತ್ತವೆ. ಬೇಸಿಗೆಯ ಕ್ಷೇತ್ರಕಾರ್ಯಕ್ಕೆ ನಿಜವಾಗಿ ಕಳಿಸುತ್ತಾರೆಯೇ, ಇಲ್ಲ ಕಾಗದದ ಮೇಲೆ ಮುಗಿಸುತ್ತಾರೆಯೇ. ನಿಮ್ಮ ವಿಷಯಕ್ಕೆ ಮಾರ್ಗದರ್ಶನ ಮಾಡುವವರು ಯಾರು, ಅವರು ಈಗ ಅಲ್ಲಿಯೇ ಇದ್ದಾರೆಯೇ. ಉತ್ತರ ಕಚೇರಿಯಿಂದ ಬಂದರೆ ನಂಬಬೇಡಿ, ಅಧ್ಯಾಪಕರೇ ಬರೆದರೆ ಆ ವಿಭಾಗವನ್ನು ಪಟ್ಟಿಯಲ್ಲಿ ಮೇಲಕ್ಕೆ ಹಾಕಿಕೊಳ್ಳಿ. ಅಧ್ಯಾಪಕರಿಗೆ ಬರೆಯುವಾಗ ಅವರ ಹೆಸರಿನ ಜೊತೆಗೆ ತಂದೆಯ ಹೆಸರಿನಿಂದ ಬಂದ ಎರಡನೇ ಹೆಸರನ್ನೂ ಸೇರಿಸಿ ಸಂಬೋಧಿಸಿ, ಇಲ್ಲದಿದ್ದರೆ ಉತ್ತರವೇ ಬಾರದಿರಬಹುದು.